ಬಾಣಲೆಯ ಮೇಲಿನ ಕೈ

ಕಾದ ಬಾಣಲೆಯ ಮೇಲೆ ಅಮ್ಮ ಅಂಗೈ ಊರಿ ನಿಂತಿದ್ದಳು. ಸುಟ್ಟ ವಾಸನೆಗೆ ಮಗಳು ಅಡುಗೆಮನೆಗೆ ಓಡಿಬಂದಳು.

“ಅಮ್ಮಾ, ಕೈ ತೆಗಿ.”

“ಇರು, ಇಂಜಿನಿಯರ್ ಸಾರ್ ಸಾಕು ಅನ್ನಲಿ. ಇವತ್ತು ಉರಿ, ವಾಸನೆ ಎಲ್ಲಾ ನಿಜದ್ದೇ ಅನ್ಸುತ್ತೆ. ನನ್ನ ಮಗಳ ದನಿ ಯಾವಾಗ ಸೇರಿಸಿದ್ರೋ.”

ಅಮ್ಮನ ಕೆಲಸವೇ ಅದು. ಕಂಪನಿಯಲ್ಲಿ ವಿಆರ್ ಕನ್ನಡಕ, ಕೈಗವಸು ತೊಟ್ಟು ಇಲ್ಲದ ಬೆಂಕಿಯನ್ನು ಮುಟ್ಟಬೇಕು, ಬಿಸಿ ನಿಜದಂತಿದೆಯೇ ಎಂದು ಹೇಳಬೇಕು. ಇಂಜಿನಿಯರು ಸಾಕು ಎನ್ನುವವರೆಗೆ ಕೈ ತೆಗೆಯುವಂತಿಲ್ಲ. ತೆಗೆದರೆ ಮತ್ತೆ ಮೊದಲಿನಿಂದ ಶುರು.

ಮಗಳು ಮೊಣಕೈ ಹಿಡಿದು ಎಳೆದಳು. ಅಂಗೈ ಸುಲಿದು ಬಂತು.

“ಇದ್ಯಾಕೋ ಅತಿಯಾಯ್ತು ಸಾರ್,” ಎಂದು ಗೊಣಗುತ್ತಾ ಅಮ್ಮ ಕನ್ನಡಕ ಕಳಚಲು ಇನ್ನೊಂದು ಕೈಯನ್ನು ಕಣ್ಣಿಗೆ ತಂದಳು. ಬೆರಳಿಗೆ ಸಿಕ್ಕಿದ್ದು ಬರೀ ರೆಪ್ಪೆ.