ಬಾಡಿಗೆ ಕುರ್ಚಿ

ಕತ್ತರಿಸಿಕೊಳ್ಳುತ್ತಿದ್ದ ತನ್ನ ಎಡಗಡೆಯ ಕೂದಲು ಕಿವಿಯ ಮಟ್ಟಕ್ಕೆ ಬಂದಾಗ ಪಾರ್ಲರಿನ ಒಡತಿ ಬಾಯಿಬಿಟ್ಟಳು. ಕತ್ತರಿ ಹಿಡಿದವಳ ಮುಖ ನೋಡಿ ಹೇಳುವ ಧೈರ್ಯವಿರಲಿಲ್ಲ, ಕನ್ನಡಿಗೆ ಹೇಳಿದಳು. “ಮುಂದಿನ ತಿಂಗಳಿಂದ ಈ ಕುರ್ಚಿ ನನ್ನ ಮಗಳಿಗೆ ಬೇಕು ಕಣೇ. ನೀನು ಬೇರೆ ಕಡೆ ನೋಡ್ಕೋ.”

ಆ ಕುರ್ಚಿಯನ್ನು ಬಾಡಿಗೆಗೆ ಹಿಡಿದು ಸ್ವಂತ ಗಿರಾಕಿಗಳನ್ನು ಕಟ್ಟಿಕೊಂಡಿದ್ದವಳು ಕತ್ತರಿ ಒರೆಸಿ ಚೀಲಕ್ಕೆ ಹಾಕಿದಳು. ಒಡತಿಯ ತಲೆ ಒಂದು ಕಡೆ ಮೋಟು, ಇನ್ನೊಂದು ಕಡೆ ಬೆನ್ನಿನವರೆಗೆ ಜೋತುಬಿದ್ದ ಕೂದಲು. ಕುತ್ತಿಗೆಗೆ ಬಿಗಿದ ಬಟ್ಟೆಯೊಳಗೆ ಕೈಗಳು ಸಿಕ್ಕಿಕೊಂಡಿದ್ದವು. ಮಗಳಿಗೋ ಉಗುರಿಗೆ ಬಣ್ಣ ಹಚ್ಚುವುದಷ್ಟೇ ಗೊತ್ತು.

“ಇದೊಂದು ಮುಗಿಸಿಬಿಡೇ ತಾಯಿ, ಹೀಗೆ ಬೀದಿಗಿಳಿಯೋದು ಹೇಗೆ?”

“ಯಾವ ಗಿರಾಕಿ ಬೇಕು, ಯಾರು ಬೇಡ, ನಿನ್ನಿಷ್ಟ ಅಂತ ಕುರ್ಚಿ ಕೊಡುವಾಗ ನೀವೇ ಅಂದಿದ್ರಲ್ಲ, ಅಕ್ಕ.”

ಬೆಂಚಿನಲ್ಲಿ ಕಾಯುತ್ತಿದ್ದ ಹೆಂಗಸು ಕಿಸಕ್ಕೆಂದಳು. ಒಡತಿಯ ಹಣೆ ಬೆವರಿತು.

“ಆಯ್ತು, ಕುರ್ಚಿ ನಿನಗೇ ಇರಲಿ! ಮಗಳಿಗೆ ನಾನು ಹೇಳ್ಕೋತೀನಿ.”

“ಬೇಡ,” ಎಂದು ಅವಳು ಚೀಲ ಹೆಗಲಿಗೇರಿಸಿದಳು.