ಅರವತ್ತೈದು ಪೌಂಡಿನ ಬಿಲ್ಲು

ಎಳೆತದ ತೂಕ ಅರವತ್ತೈದು ಪೌಂಡು ಎನ್ನಬೇಕೋ, ಎಪ್ಪತ್ತೇ ಎಂದುಬಿಡಬೇಕೋ? ಅಥವಾ ತಪ್ಪು ಬಿಲ್ಲಿನದೇ ಅಲ್ಲವೋ? ಹೋದ ಅಕ್ಟೋಬರಿನಲ್ಲಿ ಆ ಹೆಣ್ಣು ಜಿಂಕೆಗೆ ಬಾಣ ತಾಕಿದ್ದನ್ನು ಆರ್ವಿಡ್ ಲಾಹ್ಟಿ ಕಣ್ಣಾರೆ ಕಂಡಿದ್ದ. ಆದರೆ ಬಾಣ ಆಳಕ್ಕೆ ಇಳಿದಿರಲಿಲ್ಲ. ರಕ್ತದ ಹನಿಗಳನ್ನೇ ನೋಡಿಕೊಂಡು ಸೀಡರ್ ಮರಗಳ ಜೌಗಿನವರೆಗೂ ಹೋದ. ಅಲ್ಲಿ ಹನಿಗಳು ನಿಂತವು, ಜಿಂಕೆ ಸಿಗಲಿಲ್ಲ. ಚಳಿಗಾಲವಿಡೀ ಅದೇ ಯೋಚನೆ. ಬಿಲ್ಲಿಗೆ ಬಲ ಸಾಲದಿದ್ದರೆ ಇನ್ನೊಂದು ಮಾಡಿಸಬಹುದು. ಕಾರಣ ಬೇರೆಯಾಗಿದ್ದರೆ?

ಈಗ ಅವನು ಬಿಲ್ಲು ಮಾಡುವ ಇರ್ಮಾಳ ಶೆಡ್ಡಿನ ಹೊರಗೆ, ಮಾರ್ಚ್ ತಿಂಗಳ ಹಿಮದಲ್ಲಿ, ಮಗುಚಿಟ್ಟ ಬಕೆಟ್ಟಿನ ಮೇಲೆ ಕುಳಿತಿದ್ದ. ಸರೋವರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಬಿಲ್ಲು ಮಾಡಿಸಲು ಬಂದವರು ಯಾರೇ ಆಗಲಿ, ಬೇಟೆಯ ಕೋಟು ತೊಟ್ಟು ಅರ್ಧ ಗಂಟೆ ಅಲುಗಾಡದೆ ಅಲ್ಲಿ ಕೂರಬೇಕು. ಅಳತೆ ಆಮೇಲೆ. ಅದು ಅವಳ ನಿಯಮ. ಮೂವತ್ತು ವರ್ಷದ ಹಿಂದೆ ಆರ್ವಿಡ್‌ಗೆ ಬಿಲ್ಲು ಮಾಡಿಕೊಟ್ಟವನು ಅವಳ ಅಪ್ಪ.

ಅವಳು ಬಾಗಿಲು ತೆರೆದಾಗ ಆರ್ವಿಡ್ ಎಂದ, "ನಿಮ್ಮಪ್ಪ ಹೀಗೆಲ್ಲ ಕೂರಿಸ್ತಿರಲಿಲ್ಲ ಕಣಮ್ಮ."

"ಅಪ್ಪ ಗಿರಾಕಿ ಹೇಳಿದ ತೂಕಕ್ಕೆ ಕೆತ್ತಿ ಕೊಟ್ಟುಬಿಡ್ತಿದ್ದ. ಅದಕ್ಕೇ ಅರ್ಧ ಊರಿಗೆ ಭುಜ ನೋವು. ಬನ್ನಿ ಒಳಗೆ. ಕೈ ಉಜ್ಜಬೇಡಿ. ಜಿಂಕೆಗೆ ಕಾಯ್ತಾ ಮರದ ಮೇಲೆ ಕೂತಾಗ ಪಕ್ಕದಲ್ಲಿ ಒಲೆ ಇರುತ್ತಾ?"

ಅವನ ಹಳೆಯ ಬಿಲ್ಲನ್ನೇ ಕೈಗಿತ್ತು, ಇಂಚಿಗೊಂದು ಕಪ್ಪು ಗೆರೆ ಎಳೆದಿದ್ದ ಬಾಣವೊಂದನ್ನು ಕೊಟ್ಟಳು. ಅವನು ಹೆದೆ ಎಳೆದ. ಅವಳು ಬಗ್ಗಿ ಗೆರೆಗಳನ್ನು ನೋಡಿದಳು.

"ಹಾಗೇ ಹಿಡ್ಕೊಳ್ಳಿ. ಜಿಂಕೆ ತಲೆ ಎತ್ತಿದೆ. ನಿಮ್ಮ ಕಡೆನೇ ನೋಡ್ತಿದೆ," ಎಂದು ಕಾಫಿಯ ಲೋಟ ಎತ್ತಿಕೊಂಡಳು. ಎರಡು ಗುಟುಕು ಕುಡಿದಳು. ಮೂರನೆಯದಕ್ಕೆ ಅವನ ತೋಳು ನಡುಗಿತು. ಬಿಲ್ಲು ಇಳಿಸಿದ.

"ಎಷ್ಟು ಎಳೆದ್ರಿ ಅನ್ಸುತ್ತೆ?"

"ಪೂರ್ತಿ. ಅರವತ್ತೆರಡು ಪೌಂಡು. ಮೊದಲಿಂದಲೂ ಅಷ್ಟೇ."

"ಅದು ಇಪ್ಪತ್ತೆಂಟು ಇಂಚು ಎಳೆದಾಗಿನ ತೂಕ. ನೀವು ನಿಂತಿದ್ದು ಇಪ್ಪತ್ತೈದಕ್ಕೆ. ಹೆದೆ ಕೆನ್ನೆಯ ಹತ್ತಿರಕ್ಕೂ ಬರಲಿಲ್ಲ."

ಆರ್ವಿಡ್ ಕೆನ್ನೆ ಮುಟ್ಟಿಕೊಂಡ. ಯಾವ ವರ್ಷದಿಂದ ಹೆದೆ ಇಲ್ಲಿಗೆ ಬರುವುದನ್ನು ನಿಲ್ಲಿಸಿತು? ನೆನಪಾಗಲಿಲ್ಲ. ತನ್ನ ದೇಹವೇ ತನ್ನನ್ನು ಕೇಳದೆ, ಒಂದಿಷ್ಟೂ ಸುಳಿವು ಕೊಡದೆ, ಎಳೆಯುವ ಭಾರವನ್ನು ಇಳಿಸುತ್ತ ಬಂದಿತ್ತು. ಬೇಸರಕ್ಕಿಂತ ಹೆಚ್ಚಾಗಿ ಅವನಿಗೆ ಸೋಜಿಗವಾಯಿತು.

"ಅರವತ್ತೈದರದ್ದು ಮಾಡಿಕೊಟ್ರೆ?"

"ಇಪ್ಪತ್ನಾಲ್ಕು ಇಂಚಿಗೇ ನಿಲ್ತೀರಿ. ಎಲ್ಲಿಗೆ ಹೋಗ್ತೀನಿ ಅಂತ ಬಾಣಕ್ಕೂ ಗೊತ್ತಿರಲ್ಲ."

ಅವಳು ಬಾಣದ ಗೆರೆಗಳ ಮೇಲೆ ಹೆಬ್ಬೆರಳು ಆಡಿಸುತ್ತ ನಿಂತಳು. ಆರ್ವಿಡ್ ಕಾದ. ಅವನು ಅವಳ ತುಟಿಗಳನ್ನೇ ನೋಡುತ್ತಿದ್ದ.

ಅವಳು ಗೋಡೆಯಿಂದ ಇನ್ನೊಂದು ಬಿಲ್ಲು ತೆಗೆದಳು. "ನಲವತ್ತಾರು ಪೌಂಡು. ಎಳೀರಿ."

"ಇದು ಹೆಂಗಸರದ್ದು."

"ಹೌದು, ನನ್ನದೇ. ಹೋದ ವರ್ಷ ಎರಡು ಜಿಂಕೆ ಕೆಡವಿದೆ. ಎರಡಕ್ಕೂ ಬಾಣ ಆಚೆ ಪಕ್ಕದಿಂದ ಹೊರಗೆ ಬಂದಿತ್ತು. ನಿಮ್ಮ ಗಂಡಸುತನಕ್ಕೆ ಏನೂ ಆಗಲ್ಲ, ಎಳೀರಿ."

ಎಳೆದ. ಹೆದೆ ತುಟಿಯ ಅಂಚಿಗೆ ಬಂದು ನಿಂತಿತು. ಇರ್ಮಾ ಉಳಿದ ಕಾಫಿಯನ್ನು ಗುಟುಕು ಗುಟುಕಾಗಿ ಮುಗಿಸಿದಳು. ಲೋಟವನ್ನು ನಿಧಾನವಾಗಿ ಮೇಜಿನ ಮೇಲಿಟ್ಟಳು. ಅವನ ತೋಳು ಅಲುಗಲಿಲ್ಲ.

"ನೋಡಿ, ಇನ್ನೂ ಹತ್ತು ವರ್ಷ ಆರಾಮಾಗಿ ಕಾಡಿಗೆ ಹೋಗ್ತೀರಿ," ಎಂದಳು. ನಿಜವಾಗಿಯೂ ಸಂತೋಷಪಟ್ಟಿದ್ದಳು. "ನಲವತ್ತಾರು ಅಂತ ಬರ್ಕೊಳ್ಳಲಾ?"

ಆರ್ವಿಡ್ ಹೆದೆಯನ್ನು ಸಡಿಲಿಸಿ ಬಿಲ್ಲನ್ನು ಅವಳ ಕೈಗೆ ಕೊಟ್ಟ.

"ಬರ್ಕೊ."

ಇನ್ನು ಸಾಕು, ಬೇಟೆ ಬಿಟ್ಟುಬಿಡಿ ಎಂದು ಅವಳು ಹೇಳಿಯಾಳೆಂಬ ಆಸೆಯಿಂದಲೇ ನಲವತ್ತು ಮೈಲಿ ಬಂದಿದ್ದೆ ಎನ್ನುವುದನ್ನು ಅವನು ಹೇಳಲಿಲ್ಲ.