ಗೂಡಿನ ಗಡಿ

ಪಾಷಾನ ಎಡಗಿವಿಯ ತುದಿ ಹರಿದದ್ದು ಮಧ್ಯಾಹ್ನದ ಮೌನದ ಹೊತ್ತಿನಲ್ಲಿ. ಹನ್ನೆರಡರಿಂದ ಒಂದರ ತನಕ ಆ ಸ್ವಿಸ್ ಕಟ್ಟಡದಲ್ಲಿ ಯಾರೂ ಮೊಳೆ ಹೊಡೆಯುವಂತಿಲ್ಲ, ಪಿಯಾನೋ ಮುಟ್ಟುವಂತಿಲ್ಲ. ಸೀನುವುದಾದರೂ ಕಿಟಕಿ ಮುಚ್ಚಿ ಸೀನಬೇಕು. ಅಂಥ ಪವಿತ್ರ ಗಳಿಗೆಯಲ್ಲಿ ಪಾಷಾ ಎಂಬ ಗಿನಿ ಪಿಗ್ ಎಲ್ಲ ಮಹಡಿಗಳಿಗೂ ಕೇಳುವಂತೆ ಕಿರುಚಿತು. ಗಂಟೆ ಒಂದು ಹೊಡೆದ ಮೇಲೆ, ಅಂದರೆ ಜಗಳವಾಡುವುದು ಮತ್ತೆ ಸಭ್ಯತೆಯಾದ ಕೂಡಲೇ, ಕಟ್ಟಡದ ಉಸ್ತುವಾರಿ ಗಿಸ್ಲರ್ ಬಂದು ನೆಲಮಹಡಿಯ ಮುಹೈಮ್ ಅವರ ಬಾಗಿಲು ತಟ್ಟಿದ.

“ಮಧ್ಯಾಹ್ನ ಇನ್ನೊಂದು ಸಲ ಈ ಕಿರುಚಾಟ ಕೇಳಿಸ್ತೋ, ಎರಡನ್ನೂ ಎತ್ಕೊಂಡು ಹೋಗಿ ಬೆಟ್ಟದ ಮೇಲೆ ನನ್ನ ತಂಗಿ ಕೊಟ್ಟಿಗೆಗೆ ಬಿಟ್ಬಿಡ್ತೀನಿ, ಮುಹೈಮ್ ಅವರೇ. ಮಾಲೀಕರ ಮಾತಿದು, ನಂದಲ್ಲ.”

“ನನ್ನ ಪಾಷಾ ಏನು ಮಾಡ್ದ? ಕಚ್ಚಿದ್ದು ಮೇಲ್ಮನೆಯವರ ಫ್ಲೋರಾ.”

ಮೇಲ್ಮನೆಯ ಶ್ರೀಮತಿ ರೆಗ್ಲಿ ಆಗಲೇ ಅರ್ಧ ಮೆಟ್ಟಿಲು ಇಳಿದು ನಿಂತಿದ್ದರು. “ಬೆನ್ನಿಗೆ ಬಿದ್ದು ಬಿದ್ದು ಕಾಡಿದ್ರೆ ಎಂಥಾ ಸಂಭಾವಿತಳೂ ಕಚ್ತಾಳೆ,” ಎಂದರು.

ಮುಹೈಮ್ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ರೆಗ್ಲಿ ಗಣಿತ ಕಲಿಸಿ ನಿವೃತ್ತರಾದವರು. ಇಬ್ಬರ ಮನೆಯಲ್ಲೂ ಜೋಡಿಯಲ್ಲೊಂದು ಸತ್ತಾಗ, ಗಿನಿ ಪಿಗ್ಗನ್ನು ಒಂಟಿಯಾಗಿ ಸಾಕಬಾರದೆಂಬ ಸ್ವಿಸ್ ಕಾನೂನಿಗೆ ಹೆದರಿ ಉಳಿದೆರಡನ್ನು ಮುಹೈಮ್ ಅವರ ಗಾಜಿನ ಬಾಲ್ಕನಿಯಲ್ಲಿಟ್ಟ ಒಂದೇ ಗೂಡಿನಲ್ಲಿ ಬಿಟ್ಟಿದ್ದರು. ಪ್ರಾಣಿಗಳು ಕೆಲವು ದಿನ ಕೂದಲು ನಿಮಿರಿಸಿ, ಹಲ್ಲು ಕಟಕಟಿಸಿ, ಕೊನೆಗೆ ಒಂದೇ ಹುಲ್ಲೆಸಳನ್ನು ಎರಡು ತುದಿಯಿಂದ ಜಗಿಯುವಷ್ಟು ಹೊಂದಿಕೊಂಡವು. ಸಾಕಿದವರು ಮಾತ್ರ ವರ್ಷಗಳಾದರೂ ‘ನೀವು’ ಎಂಬ ಪೀಠದಿಂದ ಒಂದು ಮೆಟ್ಟಿಲೂ ಕೆಳಗಿಳಿಯಲಿಲ್ಲ.

ಈಗಿನ ಕಲಹದ ಮೂಲ ರೆಗ್ಲಿಯವರು ಗೂಡಿನೊಳಗೆ ಹೊಸದಾಗಿ ತಂದಿಟ್ಟ ಪುಟ್ಟ ಮರದ ಗುಡಿಸಲು. ಅದಕ್ಕೆ ಒಂದೇ ಬಾಗಿಲು. ಒಳಗಿದ್ದದ್ದು ಹೊರಬರಬೇಕಾದರೆ ಬಾಗಿಲಲ್ಲಿ ಕೂತದ್ದು ಏಳಬೇಕು. ಅದು ಏಳದಿದ್ದರೆ ಕಿವಿ ಹರಿಯುತ್ತದೆ. ಹಿಂಬದಿಯಲ್ಲಿ ಇನ್ನೊಂದು ಕಂಡಿ ಕೊರೆದಿದ್ದರೆ ಮುಗಿಯುತ್ತಿತ್ತು. ಆದರೆ ಕಂಡಿಯಲ್ಲಿ ನ್ಯಾಯವಿಲ್ಲವಲ್ಲ! ಕಟ್ಟಡಕ್ಕೆಲ್ಲ ಒಂದೇ ಆದ ಬಟ್ಟೆ ಒಗೆಯುವ ಕೋಣೆಯನ್ನೇ ವಾರದ ದಿನಗಳಾಗಿ ಕತ್ತರಿಸಿಕೊಂಡು ಬಾಳಿದ ಜನ ಇವರು. ಹಾಗಾಗಿ ಗಿಸ್ಲರ್ ಅತ್ತ ಹೋದೊಡನೆ ಇತ್ತ ಅಳತೆ ಪಟ್ಟಿ ಬಂತು.

“ಗೂಡನ್ನ ಸರಿಯಾಗಿ ಅರ್ಧ ಮಾಡೋಣ,” ಎಂದರು ರೆಗ್ಲಿ. “ನಡುವೆ ತಂತಿ ಜಾಲರಿ.”

“ಗುಡಿಸಲು?”

“ಅದನ್ನೂ ಅರ್ಧ.”

ಮುಹೈಮ್ ಗರಗಸ ತಂದು ಗುಡಿಸಲನ್ನು ಮಧ್ಯಕ್ಕೆ ಸೀಳಿದರು. ಆಚೆಗೊಂದು ಚಪ್ಪರ, ಈಚೆಗೊಂದು ಚಪ್ಪರ. ನೀರಿನ ಬಾಟಲಿ, ಹುಲ್ಲಿನ ಬುಟ್ಟಿ ಎಲ್ಲಕ್ಕೂ ಜೋಡಿ ಬಂತು. ಪ್ರಾಣಿಗಳ ಭೇಟಿಗೂ ದಿನ ಗೊತ್ತಾಯಿತು. ಜಾಲರಿಯ ಎರಡು ಕೊನೆಗಳನ್ನು ತಮ್ಮ ತಮ್ಮ ಬದಿಯಲ್ಲಿ ಇಬ್ಬರೂ ಶ್ರದ್ಧೆಯಿಂದ ಬಿಗಿದರು. ನಟ್ಟನಡುವಿನ ಕೊಂಡಿ ಯಾರ ಪಾಲಿಗೂ ಸೇರದ್ದರಿಂದ ಅದನ್ನು ಯಾರೂ ಹಾಕಲಿಲ್ಲ.

ಮರುದಿನ ಹನ್ನೆರಡಕ್ಕೆ ಇನ್ನೇನು ಸ್ವಲ್ಪವೇ ಇದೆ ಎನ್ನುವಾಗ ಗಿಸ್ಲರ್ ತಪಾಸಣೆಗೆ ಬಂದ. ಬಾಲ್ಕನಿಯಲ್ಲಿ ನಿಶ್ಶಬ್ದ. ಫ್ಲೋರಾ ಜಾಲರಿಯ ನಡುಭಾಗವನ್ನು ಮೂತಿಯಿಂದ ತಳ್ಳಿ ಪಾಷಾನ ಚಪ್ಪರಕ್ಕೆ ಬಂದು, ಅವನ ಹರಿದ ಕಿವಿಗೆ ಒರಗಿ ಮಲಗಿತ್ತು. ಬಾಗಿಲೇ ಇಲ್ಲದ ಮನೆಯಲ್ಲಿ ಬಾಗಿಲಿಗಾಗಿ ಕಾದಾಡುವುದೇನು?

“ಅಬ್ಬಾ, ರಾಜಿ ಆಗ್ಬಿಟ್ಟಿವೆ!” ಗಿಸ್ಲರ್ ಉಸಿರುಬಿಟ್ಟ. “ಬಿಡಿ, ನನಗೂ ಬೆಟ್ಟ ಹತ್ತೋದು ತಪ್ತು.”

“ರಾಜಿ ಅಂದ್ರೇನ್ರೀ?” ಮುಹೈಮ್ ಮುಖ ಬಿಗಿಯಿತು. “ಅವಳು ಮಲಗಿರೋದು ನನ್ನ ಪಾಲಿನಲ್ಲಿ.”

“ತಾನಾಗಿ ಬರೋಳಲ್ಲ ಅವಳು. ನಿಮ್ಮವನು ಕರೆದಿರ್ತಾನೆ,” ಎಂದರು ಗಿಸ್ಲರ್‌ನ ಹಿಂದೆಯೇ ಇಳಿದು ಬಂದಿದ್ದ ರೆಗ್ಲಿ.

“ಟಿಕೆಟ್ ಇಲ್ದೆ ಹತ್ತಿದವರೆಲ್ಲ ಹೀಗೇ ಹೇಳೋದು, ರೆಗ್ಲಿಯವರೇ.”

“ಭಾನುವಾರ ಚರ್ಚಿನಿಂದ ಬಂದ ಮೇಲೆ ಮೊದಲ ಭೇಟಿ ಅಂತ ಮಾತಾಗಿರ್ಲಿಲ್ವಾ? ಇವತ್ತು ಶುಕ್ರವಾರ. ಮಾತು ಅಂದ್ರೆ ಮಾತು.”

“ಆಯ್ತು, ನಿಮ್ಮವಳನ್ನ ನೀವೆತ್ತಿ. ನನ್ನವನನ್ನ ನಾನು ಹಿಡ್ಕೋತೀನಿ.”

“ಸ್ವಾಮಿ, ಮಲಗಿರೋವನ್ನ ಯಾಕೆ…” ಎಂದು ಗಿಸ್ಲರ್ ಬಾಯಿ ತೆರೆಯುವಷ್ಟರಲ್ಲಿ ನಾಲ್ಕು ಕೈಗಳು ಗೂಡಿನೊಳಗಿದ್ದವು. ಬೆಚ್ಚಗಿನ ನಿದ್ದೆಯಿಂದ ಕಿತ್ತು ಎತ್ತಿದ್ದಕ್ಕೆ ಫ್ಲೋರಾ ಕಿರುಚಿತು. ಅದು ಕಿರುಚಿದ್ದಕ್ಕೆ ಪಾಷಾ ಕಿರುಚಿತು. ಜಾಲರಿಯ ಆಚೆಗೊಂದು ಈಚೆಗೊಂದು ಇಳಿಸಿದ ಮೇಲಂತೂ ತಂತಿ ಕಚ್ಚಿ ಎಳೆಯುತ್ತ ಎರಡೂ ಗಂಟಲು ಹರಿದುಕೊಂಡವು. ಅದೇ ಹೊತ್ತಿಗೆ ಚರ್ಚಿನ ಗಂಟೆ ಹನ್ನೆರಡು ಬಾರಿಸಿತು. ಮೇಲೆಲ್ಲೋ ಒಂದು ಕಿಟಕಿ ಪಟ್ಟನೆ ತೆರೆಯಿತು.

“ನಿಮ್ಮದು,” ಎಂದರು ಮುಹೈಮ್.

“ನಿಮ್ಮದು,” ಎಂದರು ರೆಗ್ಲಿ.

ಕಿರುಚಿದ್ದು ಯಾರದ್ದೆಂದು ಗಿಸ್ಲರ್ ಪ್ರಶ್ನೆಯನ್ನೇ ಕೇಳಿರಲಿಲ್ಲ. ಜಾಲರಿಯನ್ನು ಕಿತ್ತು ಅವರತ್ತ ಚಾಚಿದ. ಇಬ್ಬರೂ ಒಟ್ಟಿಗೇ ಅದನ್ನು ಹಿಡಿದುಕೊಂಡರು. ಗೂಡಿನಲ್ಲಿ ಎರಡು ಪ್ರಾಣಿಗಳೂ ಓಡಿಬಂದು ಒಂದಕ್ಕೊಂದು ಅಂಟಿಕೊಂಡು ಸುಮ್ಮನಾದವು. ಅವನು ಗೂಡನ್ನು ಎತ್ತಿ ಎದೆಗೊತ್ತಿಕೊಂಡು, ಮೌನದ ಹೊತ್ತಾದ್ದರಿಂದ ತುದಿಗಾಲಲ್ಲಿ ನಡೆದು, ಬಾಗಿಲನ್ನು ಭುಜದಿಂದ ತಳ್ಳಿ ಬೆಟ್ಟದ ಕೊಟ್ಟಿಗೆಯತ್ತ ಹೊರಟ.

ಖಾಲಿ ಬಾಲ್ಕನಿಯಲ್ಲಿ ಅವರಿಬ್ಬರು ಜಾಲರಿಯ ಒಂದೊಂದು ತುದಿ ಹಿಡಿದು, ತಂತಿಯ ಆಚೆಗೊಬ್ಬರು ಈಚೆಗೊಬ್ಬರು ನಿಂತಿದ್ದರು. ಬಿಟ್ಟರೆ ಸದ್ದಾಗುತ್ತದೆ, ಒಂದು ಹೊಡೆಯುವ ತನಕ ಬಿಡುವಂತಿರಲಿಲ್ಲ.